ಹೊಸದಲ್ಲದ ವೈರಸ್

"ಸೋಮವಾರ ಹೊರಡ್ತೀನಿ. ಎರಡು ವರ್ಷಕ್ಕೆ," ಅಂದ ಅವನು, ಲ್ಯಾಬ್‌ನ ಕ್ಯಾಂಟೀನಿನಲ್ಲಿ ಟೀ ಲೋಟದೊಳಗೆ ನೋಡುತ್ತಾ.

"ಒಳ್ಳೇದಾಯ್ತು," ಅಂದೆ.

"ಹೋಗಬೇಡಿ ಅಂತ ಯಾರಾದ್ರೂ ಹೇಳ್ತಾರೇನೋ ಅಂತ ನೋಡ್ತಿದೀನಿ."

"ಡೈರೆಕ್ಟರ್ ಅಂತೂ ಹೇಳಲ್ಲ. ಅವರಿಗೆ ನಿಮ್ಮ ರೂಮ್ ಬೇಕು."

ಅವನು ತಲೆಯೆತ್ತಿ ನನ್ನನ್ನೇ ನೋಡಿದ. ಎಡಹುಬ್ಬು ಮಾತ್ರ ಸ್ವಲ್ಪ ಮೇಲೆ ಹೋಗಿತ್ತು, ತುಟಿಯಂಚಿನಲ್ಲಿ ನಗು ಬರಲೋ ಬೇಡವೋ ಎಂದು ಕಾಯುತ್ತಿತ್ತು. ಬೇರೆ ಯಾರಿಗಾದರೂ ಎದೆ ಝಲ್ಲೆನ್ನುತ್ತಿತ್ತು. ನನಗೆ ಆ ಹುಬ್ಬಿನಲ್ಲಿ ಒಂದು ಬಿಳಿ ಕೂದಲು ಕಂಡಿತು, ಅಷ್ಟೇ.

ಅಣ್ಣ ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಸ್ನಾನಕ್ಕೆ ಹೋದವನು ಹೊರಗೆ ಬರಲೇ ಇಲ್ಲ. ನನ್ನ ಜೊತೆ ಒಂದೇ ಮನೆಯಲ್ಲಿರುವ ಅತ್ತಿಗೆ ತಿಂಗಳುಗಟ್ಟಲೆ ಅತ್ತರು, ಆಮೇಲೊಂದು ದಿನ ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋದರು. ನಾನು ಮೂರನೇ ದಿನದಿಂದಲೇ ಕೆಲಸಕ್ಕೆ ಹೋಗುತ್ತಿದ್ದೆ. ಊಟ ಮಾಡುತ್ತೇನೆ, ಬಸ್ಸು ಹಿಡಿಯುತ್ತೇನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಒಳಗೆ ಏನೂ ಇಲ್ಲ.

ನಮ್ಮ ಲ್ಯಾಬ್‌ನಲ್ಲಿ ಸಮುದ್ರದ ಪಾಚಿಯದೇ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಅದಕ್ಕೂ ವೈರಸ್ ತಗಲುತ್ತದೆ. ಸೋಮವಾರ ಹೊರಡಲಿರುವ ಅವನು ತಣ್ಣನೆಯ ಕೋಣೆಯಲ್ಲಿ ಗಾಜಿನ ಬುಡ್ಡಿಗಳಲ್ಲಿ ಪಾಚಿ ಬೆಳೆಸುತ್ತಾನೆ, ಅವುಗಳ ಯೋಗಕ್ಷೇಮ ವಿಚಾರಿಸುತ್ತಾನೆ. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಪಾಚಿ ಸಾಹೇಬರು. ನಾನು ಆ ವೈರಸ್‌ಗಳ ಜೀನೋಮ್‌ಗಳನ್ನು, ಅಂದರೆ ಅವುಗಳ ಜೀನ್‌ಗಳ ಪೂರ್ತಿ ಸಾಲನ್ನು, ಕಂಪ್ಯೂಟರ್‌ನಲ್ಲಿ ಅಕ್ಕಪಕ್ಕ ಇಟ್ಟು, ಎಲ್ಲಿ ಒಂದೇ, ಎಲ್ಲಿ ಬೇರೆ ಎಂದು ಹೋಲಿಸುತ್ತೇನೆ.

ಆರು ತಿಂಗಳ ಹಿಂದೆ ಅವನು ಕೊಲ್ಲಿಯ ನೀರಿನಿಂದ ಒಂದು ವೈರಸ್ ಹಿಡಿದು ತಂದ. ಬೇರೆಯವರು ಮುಂಚೆಯೇ ದಾಖಲಿಸಿದ್ದ ಹಳೆಯದೊಂದರ ಜೊತೆ ಹೋಲಿಸಿದೆ. ಜೀನ್‌ಗಳು ಅವೇ, ಆದರೆ ಕ್ರಮ ಬೇರೆ. 'ಹೊಸ ಬಗೆ' ಎಂದು ಬರೆದುಕೊಟ್ಟೆ. ಅದನ್ನು ನೋಡಿಯೇ ದೂರದ ದೊಡ್ಡ ಲ್ಯಾಬ್‌ನವರು ಅವನನ್ನು ಕರೆದದ್ದು.

ಸಂಜೆ ಅತ್ತಿಗೆಗೆ ಟೀ ಹೊತ್ತಿನ ಮಾತುಕತೆಯನ್ನು ಹೇಳಿದೆ.

"ಅವರು ಕೇಳಿದ್ದು ನಿನ್ನನ್ನೇ ಕಣೇ," ಅಂದರು ಅತ್ತಿಗೆ, ಬಟ್ಟೆ ಮಡಚುತ್ತಾ. "ಗೋಡೆಗೆ ಹೇಳಿದ್ರೂ ಗೋಡೆ ನಾಚ್ಕೊಳ್ತಿತ್ತು."

"ಗೊತ್ತು ಅತ್ತಿಗೆ. ನಂಗೆ ಏನೂ ಅನ್ನಿಸಲ್ಲ. ಏನೂ ಅನ್ನಿಸದೇನೇ 'ಹೋಗಬೇಡಿ' ಅಂದ್ರೆ ಮೋಸ ಅಲ್ವಾ?"

"ಅವರಿಲ್ಲದ ದಿನ ಹೇಗಿರುತ್ತೆ ಅಂತ ಯೋಚಿಸಿದೀಯಾ?"

"ಯೋಚಿಸಿದೆ. ಮಾಮೂಲಿ ಗುರುವಾರದ ಥರ ಇರುತ್ತೆ."

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಆಮೇಲೆ ನನ್ನ ಮುಖ ನೋಡಿ ಮತ್ತೆ ಬಟ್ಟೆಗೆ ಕೈಹಾಕಿದರು.

ಶುಕ್ರವಾರ ಬೆಳಿಗ್ಗೆ, ಅವನು ಜೊತೆಗೆ ಒಯ್ಯಬೇಕಿದ್ದ, ಎರಡು ವೈರಸ್‌ಗಳ ಹೋಲಿಕೆಯ ಕೊನೆಯ ಚಿತ್ರ ಮಾಡಲು ಕೂತೆ. ಎರಡು ಜೀನೋಮ್ ಒಂದೇ ಆಗಿದ್ದರೆ ಪರದೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಓರೆಗೆರೆ ಬರುತ್ತದೆ. ಇಲ್ಲಿ ಗೆರೆ ಎರಡು ತುಂಡಾಗಿತ್ತು. ಆರು ತಿಂಗಳಿಂದ ಆ ತುಂಡುಗಳನ್ನು ನೋಡುತ್ತಲೇ ಇದ್ದೆ. ಅವತ್ತು ನಿಜವಾಗಿ ನೋಡಿದೆ.

ಈ ವೈರಸ್‌ನ ಜೀನೋಮ್ ಬಳೆಯ ಹಾಗೆ ಗುಂಡಗಿರುತ್ತದೆ. ಫೈಲ್‌ನಲ್ಲಿ ಬರೆಯಬೇಕಾದರೆ ಎಲ್ಲೋ ಒಂದು ಕಡೆ ಕತ್ತರಿಸಿ ನೇರ ಮಾಡಲೇಬೇಕು. ಹಳೆಯದನ್ನು ದಾಖಲಿಸಿದವರು ಒಂದು ಕಡೆ ಕತ್ತರಿಸಿದ್ದರು, ನಾನು ಇನ್ನೊಂದು ಕಡೆ. ಹೋಲಿಸುವ ಮುಂಚೆ ಎರಡನ್ನೂ ಒಂದೇ ಜೀನ್‌ನಿಂದ ಶುರುಮಾಡಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠ ಅದು, ಹೊಸಬರಿಗೆ ನಾನೇ ಕಲಿಸುತ್ತಿದ್ದ ಪಾಠ.

ಸರಿಮಾಡಿದೆ. ಮೂಲೆಯಿಂದ ಮೂಲೆಗೆ ಒಂದೇ ಗೆರೆ ಬಂತು. ನೂರಕ್ಕೆ ತೊಂಬತ್ತೊಂಬತ್ತು ಪಾಲು ಅದೇ ವೈರಸ್.

ಬಾಯಿ ಮುಚ್ಚಿಕೊಂಡಿದ್ದರೆ ಅವನು ಸೋಮವಾರ ಹೋಗುತ್ತಾನೆ, ಮುಂದೊಂದು ದಿನ ಅಲ್ಲಿ ಎಲ್ಲರ ಮುಂದೆ ತಲೆ ತಗ್ಗಿಸುತ್ತಾನೆ. ಹೇಳಿದರೆ ಹೋಗುವುದೇ ಇಲ್ಲ. ಒಳಗೆ ಏನೋ ಅಲುಗಾಡಿತು. ಅದೇನೆಂದು ನೋಡಲು ಧೈರ್ಯ ಬರಲಿಲ್ಲ. ಎದ್ದು ತಣ್ಣನೆಯ ಕೋಣೆಗೆ ಹೋದೆ.

ಅವನು ಸ್ವೆಟರ್ ಹಾಕಿಕೊಂಡು ಬುಡ್ಡಿಗಳಿಗೆ ಚೀಟಿ ಅಂಟಿಸುತ್ತಿದ್ದ.

"ಕಂಪ್ಯೂಟರ್ ಮೇಡಂ ಇಲ್ಲಿ? ದಾರಿ ತಪ್ಪಿದ್ರಾ?"

"ನಿಮ್ಮ ವೈರಸ್ ಹೊಸದಲ್ಲ. ನಾನು ತಪ್ಪು ಮಾಡಿದೆ."

ಪೂರ್ತಿ ಹೇಳಿದೆ. ಅವನು ಕೈಯಲ್ಲಿದ್ದ ಚೀಟಿಯನ್ನು ಮಡಚುತ್ತಾ ಹೋದ, ಇನ್ನು ಮಡಚಲಾಗದಷ್ಟು.

"ಹಳೇ ವೈರಸ್ ತಗಲಿದ ಪಾಚಿ ನಾಲ್ಕು ದಿನಕ್ಕೆ ಬೆಳ್ಳಗಾಗುತ್ತೆ," ಅಂದ ಕೊನೆಗೆ. "ಇದೂ ನಾಲ್ಕೇ ದಿನ ತಗೊಳ್ತಿತ್ತು. ನನ್ನ ಲೆಕ್ಕನೇ ತಪ್ಪಿರಬೇಕು ಅಂದ್ಕೊಂಡೆ. ನೀವು ತಪ್ಪು ಮಾಡಲ್ಲ ಅಂತ."

ಅವನು ಮಡಚಿದ ಚೀಟಿಯನ್ನು ಜೇಬಿಗೆ ಹಾಕಿಕೊಂಡ.

"ನನ್ನನ್ನ ತಡೆಯೋಕೆ ಇಷ್ಟು ದೊಡ್ಡ ದಾರಿ ಬೇಕಿತ್ತಾ?" ತಮಾಷೆಯ ಮಾತೇ, ಆದರೆ ದನಿಯಲ್ಲಿ ತಮಾಷೆ ಇರಲಿಲ್ಲ.

"ತಡೆಯೋಕೆ ಮಾಡಿದ್ದಲ್ಲ. ಆದರೆ..." ನೆಲ ನೋಡಿದೆ. "ಆ ಗೆರೆ ಕೂಡಿಕೊಂಡಾಗ ನನಗೆ ಸಂತೋಷ ಆಯ್ತು. ನೀವು ಹೋಗಲ್ಲ ಅಂತ. ಅಣ್ಣ ಹೋದ ಮೇಲೆ ನನಗೆ ಏನಾದ್ರೂ ಅನ್ನಿಸಿದ್ದು ಇದೇ ಮೊದಲು. ನಿಮಗೆ ಅನ್ಯಾಯ ಆದಾಗಲೇ ಹೀಗಾಯ್ತಲ್ಲ ಅಂತ ನಾಚಿಕೆ ಆಗ್ತಿದೆ."

ಕೋಣೆಯ ಕೂಲಿಂಗ್ ಯಂತ್ರ ಗುರ್ ಎನ್ನುತ್ತಿತ್ತು.

"ನನಗೆ ಈಗ ತುಂಬಾ ಬೇಜಾರಾಗಿದೆ," ಅಂದ ಅವನು ಮೆಲ್ಲಗೆ. "ಸ್ವಲ್ಪ ಹೊತ್ತು ನನ್ನ ಪಾಡಿಗೆ ಬಿಡಿ."

ವಾಪಸ್ಸು ಬಂದು ಕುರ್ಚಿಯಲ್ಲಿ ಕೂತೆ. ನೋವಾಯಿತು, ಪಕ್ಕೆಲುಬಿನ ಕೆಳಗೆ, ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗಿ. ಅವನು ಮತ್ತೆ ಮಾತಾಡಿಸದಿದ್ದರೆ ಏನು ಗತಿ ಎಂದು ಹೆದರಿದೆ. ಹೆದರಿಕೆಯನ್ನೂ ಮರೆತು ಎಷ್ಟು ದಿನವಾಗಿತ್ತೋ.

ಮಧ್ಯಾಹ್ನ ಒಂದು ಗಂಟೆಗೆ ಅವನು ಬಂದ. ಪಕ್ಕದ ಕುರ್ಚಿ ಎಳೆದುಕೊಂಡು, ಪರದೆಯ ಮೇಲಿನ ಗೆರೆಯನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದ.

"ಆ ಲ್ಯಾಬ್‌ನವರಿಗೆ ಇರೋದನ್ನ ಇದ್ದ ಹಾಗೆ ಬರೆದೆ. ಬರ್ತಿಲ್ಲ ಅಂತಾನೂ ಬರೆದೆ."

"ತಪ್ಪು ನನ್ನದು ಅಂತ ಬರೆದ್ರಾ?"

"ನಮ್ಮದು ಅಂತ ಬರೆದೆ. ನಾಲ್ಕು ದಿನ ಅಂತ ಗೊತ್ತಿದ್ದೂ ಸುಮ್ಮನಿದ್ದವನು ನಾನು."

ಅವನ ಕಣ್ಣು ಕೆಂಪಗಿತ್ತು.

"ಬೇಜಾರು ಇನ್ನೂ ಹೋಗಿಲ್ಲ," ಅಂದ. "ಸದ್ಯಕ್ಕೆ ಹೋಗೋದೂ ಇಲ್ಲ. ಆದ್ರೆ ಸಂತೋಷ ಆಯ್ತು ಅಂತ ಏನೋ ಅಂದ್ರಲ್ಲ, ಆಗ ಸರಿಯಾಗಿ ಕೇಳಿಸ್ಕೊಳ್ಳೋ ಸ್ಥಿತೀಲಿ ಇರಲಿಲ್ಲ. ಇನ್ನೊಂದ್ಸಲ ಹೇಳಿ."

ಹೇಳಿದೆ. ಈ ಸಲ ನೆಲ ನೋಡಲಿಲ್ಲ.