ಸ್ವಿಚ್ಚು ವಿಮಲಿ

ಮೈದಾನದ ವೇದಿಕೆಯ ಮೇಲೆ ಇಪ್ಪತ್ತೊಂದು ವರ್ಷದ ಯದುನಂದನ ಕುಣಿಯುತ್ತಿದ್ದ. ಐವತ್ತೆಂಟು ವರ್ಷದ ಯದುನಂದನ ಜನರ ನಡುವೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಅವನನ್ನೇ ನೋಡುತ್ತಿದ್ದ. ಮೇಲಿದ್ದವನು ಬೆಳಕಿನಿಂದಾದ ಕಂಠಛಾಯೆ. ಅವನಿಗೆ ಬೆವರಿಲ್ಲ, ಮಂಡಿನೋವಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ.

"ಸ್ವಿಚ್ಚು ವಿಮಲಿ! ಸ್ವಿಚ್ಚು ವಿಮಲಿ!" ಎಂದು ಜನ ಕಿರುಚಿದರು. ಛಾಯೆ ಕಣ್ಣು ಹೊಡೆದು ಹಾಡು ಶುರುಮಾಡಿತು.

ಕಂಠಛಾಯೆಯೆಂದರೆ ಹಳೆಯ ಧ್ವನಿಮುದ್ರಿಕೆಯನ್ನು ಮತ್ತೆ ಕೇಳಿಸುವ ಯಂತ್ರವಲ್ಲ. ಗಾಯಕನ ಉಸಿರು, ನಾಲಿಗೆಯ ಹೊರಳು, ಹುಡುಗಾಟ, ಸೊಕ್ಕು ಎಲ್ಲವನ್ನೂ ಹಳೆಯ ವಿಡಿಯೋಗಳಿಂದ ಕಲಿತು, ಎದುರಿಗಿರುವ ಜನರ ಉಮೇದನ್ನು ಅಳೆದು, ಪ್ರತಿ ಸಲವೂ ಹೊಸದಾಗಿ ಹಾಡುತ್ತದೆ. ಒಂದೇ ಸಂಜೆ ಹತ್ತಾರು ಊರುಗಳಲ್ಲಿ ಹಾಡಬಲ್ಲದು. 'ಹನ್ನೆರಡನೇ ಕ್ರಾಸ್' ಎಂಬ ಮೈಸೂರಿನ ರಾಕ್ ತಂಡ ತನ್ನ ಗಾಯಕ ಯದುನಂದನನ ಛಾಯೆಯನ್ನು ಒಂದು ಕಂಪನಿಗೆ ಬರೆದುಕೊಟ್ಟಿತ್ತು. 'ಸ್ವಿಚ್ಚು ವಿಮಲಿ'ಯ ನಂತರ ತಂಡ ಒಳ್ಳೊಳ್ಳೆಯ ಹಾಡುಗಳನ್ನು ಕಟ್ಟಿತು, ಪಾಪ, ಯಾರೂ ಕೇಳಲಿಲ್ಲ. ಜನಕ್ಕೆ ಬೇಕಾಗಿದ್ದದ್ದು ಆ ಮೊದಲ ಹಾಡು ಮಾತ್ರ.

ಆ ಹಾಡು ಹುಟ್ಟಿದ್ದು ಒಂದು ಗಣಪತಿ ಪೆಂಡಾಲಿನಲ್ಲಿ. ಹತ್ತು ಗಂಟೆಯಾಯಿತೆಂದು, ಪೊಲೀಸರ ನಿಯಮದಂತೆ, ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ವಿಮಲಾಕ್ಷಿ ಸ್ವಿಚ್ ಒತ್ತಿ ತಂಡದ ಮೊದಲ ಕಾರ್ಯಕ್ರಮವನ್ನು ನಿಲ್ಲಿಸಿದ್ದಳು. ಹುಡುಗರಿಗೆ ಅವಮಾನವಾಯಿತು. ವಾರದೊಳಗೆ ಹಾಡು ಕಟ್ಟಿದರು: ಇವಳನ್ನು ಕಟ್ಟಿಕೊಂಡವನನ್ನೂ ಇವಳು ಆಫ್ ಮಾಡಿಟ್ಟಾಳು ಎಂದು. ಹಾಡು ಮನೆಮನೆಗೆ ಹೋಯಿತು. ವಿಮಲಾಕ್ಷಿಯ ಮದುವೆಯ ಮಾತುಕತೆ ಮುರಿದುಬಿತ್ತು. ಅವಳು ಮೈಕ್ ಇಳಿಸಿದಲ್ಲೆಲ್ಲ ಜನ ಅದನ್ನೇ ಹಾಡಿ ನಕ್ಕರು. ಕೊನೆಗೆ ಅಂಗಡಿಯೂ ಮುಚ್ಚಿತು. ಇದೆಲ್ಲ ಯದುನಂದನನಿಗೆ ತಿಳಿದದ್ದು ಬಹಳ ತಡವಾಗಿ. ಅಂದಿನಿಂದ ಅವನು ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ.

ಮರುದಿನ ಅವನು ಛಾಯೆಯನ್ನು ರೂಪಿಸಿದ ವಿಜ್ಞಾನಿ ಡಾ. ಮೃದುಲಾ ಅರಸ್ ಅವರ ಎದುರು ಕುಳಿತಿದ್ದ.

"ಆ ಹಾಡನ್ನ ಅವನ ತಲೆಯಿಂದ ತೆಗೆದುಹಾಕಿ ಮೇಡಂ."

"ಆಗಲ್ಲ. ಒಪ್ಪಂದದ ಪ್ರಕಾರ ಯಾವ ಹಾಡನ್ನೂ ಅಳಿಸೋ ಹಾಗಿಲ್ಲ. ಹೊಸದಾಗಿ ಕಲಿಸಬಹುದು, ಅಷ್ಟೇ."

"ನಾನೇ ಹಾಡಬೇಡ ಅಂದ್ರೆ?"

"ನೀವ್ಯಾರು ಅಂತ ಅವನಿಗೆ ಗೊತ್ತೇ ಇಲ್ವಲ್ಲ! ಅವನಿಗೆ ಇಪ್ಪತ್ತೊಂದರ ಆಚೆ ಏನೂ ನಡೆದಿಲ್ಲ. ಅದಕ್ಕೇ ಅಷ್ಟು ಖುಷಿ."

ಯದುನಂದನ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಹಾಗಾದ್ರೆ ಮುಂದೆ ನಡೆದದ್ದನ್ನ ಕಲಿಸಿ. ಎಲ್ಲಾ ಗೊತ್ತಾದ್ರೆ ಅವನ ಬಾಯಲ್ಲಿ ಆ ಹಾಡು ಹೇಗೆ ಬರತ್ತೆ?"

ಮೃದುಲಾ ಅವನ ತಲೆಗೆ ಭಾವಗ್ರಾಹಿಯನ್ನು ತೊಡಿಸಿದರು. ಒಬ್ಬ ಮನುಷ್ಯನ ನೆನಪಿಗೆ ಅಂಟಿಕೊಂಡಿರುವ ನೋವನ್ನು ಓದಿ ಛಾಯೆಗೆ ದಾಟಿಸುವ ಉಪಕರಣ ಅದು. ಯದುನಂದನ ಕಣ್ಣು ಮುಚ್ಚಿ ವಿಮಲಾಕ್ಷಿಯ ಮುಚ್ಚಿದ ಅಂಗಡಿಯನ್ನು ನೆನೆದ. ಶಟರಿನ ಮೇಲೆ ಯಾರೋ ಬಣ್ಣದಲ್ಲಿ ಬರೆದಿದ್ದ ತನ್ನದೇ ಸಾಲನ್ನು ನೆನೆದ. ಕುರ್ಚಿಯಲ್ಲಿ ಕುಳಿತಲ್ಲೇ ಬಿಕ್ಕಿಬಿಕ್ಕಿ ಅತ್ತ.

ಮುಂದಿನ ಕಾರ್ಯಕ್ರಮದಲ್ಲಿ ಜನ ಎಂದಿನಂತೆ ಕಿರುಚಿದರು. ಛಾಯೆ ಕಣ್ಣು ಹೊಡೆಯಲಿಲ್ಲ. ಮೈಕಿನ ಮುಂದೆ ತಲೆ ತಗ್ಗಿಸಿ ನಿಂತಿತು. ಗುಂಪಿನಲ್ಲಿದ್ದ ಯದುನಂದನ, ಸದ್ಯ, ಬಿಡುಗಡೆಯಾಯಿತು ಎಂದುಕೊಂಡ. ಅಷ್ಟರಲ್ಲಿ ಛಾಯೆ ಬಾಯಿ ತೆರೆಯಿತು. ಅದೇ ಮಾತುಗಳು, ಆದರೆ ನಿಧಾನವಾಗಿ, ಒಂದೊಂದು ಪದವನ್ನೂ ಎತ್ತಲಾರದೆ ಎತ್ತುವವನಂತೆ. ಮೈದಾನದಲ್ಲಿ ಒಬ್ಬರೂ ನಗಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು, ಗಂಡಸರು ಮೂಗೆಳೆದುಕೊಂಡರು. ಅಷ್ಟು ಚೆನ್ನಾಗಿ ಆ ಹಾಡನ್ನು ತಂಡ ಎಂದೂ ಹಾಡಿರಲಿಲ್ಲ.

ತಿಂಗಳೊಳಗೆ ಹಾಡು ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮೊಳಗತೊಡಗಿತು. ಕಂಪನಿ ಛಾಯೆಗೆ ಇನ್ನಷ್ಟು ಊರು ಹಂಚಿತು. ಯದುನಂದನ ಎಲ್ಲಿ ಹೋದರೂ ತನ್ನದೇ ಅಳು ಕೇಳಿಸಿಕೊಳ್ಳಬೇಕಾಯಿತು. "ಇದನ್ನ ನಾನೂ ಊಹಿಸಿರಲಿಲ್ಲ," ಎಂದರು ಮೃದುಲಾ. "ಕಲಿತದ್ದನ್ನ ಮರೆಸೋದೂ ಅಳಿಸಿದ ಹಾಗೇ ಅಂತೆ, ಕಂಪನಿ ಬಿಡ್ತಿಲ್ಲ."

ಕೊನೆಗೆ ಅವನು ಧೈರ್ಯ ಮಾಡಿ ವಿಮಲಾಕ್ಷಿಯ ಮನೆಗೆ ಹೋದ. ಬೀದಿಯ ತುಂಬ ಜನ. ಕೈಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ. ಹೇಗೋ ದಾರಿ ಮಾಡಿಕೊಂಡು ಬಾಗಿಲು ತಟ್ಟಿದ. ಹೆಸರು ಹೇಳಿದ ಮೇಲೆ ಬಾಗಿಲು ಒಂದು ಗೇಣು ತೆರೆದು, ಅವನನ್ನು ಒಳಗೆಳೆದುಕೊಂಡು ಮತ್ತೆ ಮುಚ್ಚಿಕೊಂಡಿತು. ವಿಮಲಾಕ್ಷಿಗೆ ಎಪ್ಪತ್ತು ದಾಟಿತ್ತು.

"ಕ್ಷಮಿಸಿಬಿಡಿ ಅಮ್ಮ," ಎಂದ.

"ನೀನೂ ಶುರು ಮಾಡ್ಬೇಡಪ್ಪ," ಎಂದಳು ಅವಳು. "ನಗ್ತಿದ್ರಲ್ಲ, ಅವಾಗ ಚೆನ್ನಾಗಿ ಬೈದು ಕಳಿಸ್ತಿದ್ದೆ. ಬೈದ್ರೆ ಜೀವಕ್ಕೆ ಹಗುರ ಆಗೋದು. ಈಗ ಬಂದೋರೆಲ್ಲ ಕಾಲು ಹಿಡ್ಕೊಂಡು ಅಳ್ತಾರೆ. ಅಳೋರನ್ನ ಹೇಗಪ್ಪ ಬೈಯ್ಲಿ? ತರಕಾರಿ ತರಕ್ಕೂ ಆಚೆ ಹೋಗಕ್ಕಾಗ್ತಿಲ್ಲ. ಆ ಹಾಡನ್ನ ನಿಲ್ಸು, ಅಷ್ಟು ಮಾಡು ಸಾಕು."

"ನಿಲ್ಲಿಸಕ್ಕೆ ನನ್ನ ಕೈಲಾಗಲ್ಲ ಅಮ್ಮ."

"ಅವತ್ತು ನಾನು ಒಂದು ಬೆರಳಲ್ಲಿ ನಿಲ್ಲಿಸಿದ್ದೆ," ಎಂದಳು ವಿಮಲಾಕ್ಷಿ.

ಹೊರಗೆ ಯಾರೋ ಮೆಲ್ಲಗೆ ರಾಗ ಎತ್ತಿದರು. ಒಬ್ಬೊಬ್ಬರಾಗಿ ಎಲ್ಲರೂ ದನಿಗೂಡಿಸಿದರು. ಯದುನಂದನ ಕಿಟಕಿಯ ಚಿಲಕ ಹಾಕಿ ಅಡುಗೆಮನೆಯ ಕಡೆ ನೋಡಿದ.

"ಹಿಂದ್ಗಡೆ ಬಾಗಿಲಿದ್ಯಾ ಅಮ್ಮ?"

"ಇದೆ," ಎಂದು ಅವಳು ಅವನ ಕಡೆಗೊಂದು ಮಣೆ ತಳ್ಳಿದಳು. "ಅಲ್ಲೂ ಹಾಡ್ತಿದಾರೆ. ಕೂತ್ಕೋ."