ಕುರ್ಚಿಗೊಂದು ತಲೆ

ಮೆಟ್ಟಿಲ ತುಂಬ ಹೊಗೆ.

ಕೆಳಗೆ ಬ್ಯಾಟರಿ ಕೋಣೆ ಉರಿಯುತ್ತಿದೆ. ಅದರೊಳಗೆ ಇಬ್ಬರು ಸಿಕ್ಕಿಹಾಕಿಕೊಂಡಿದ್ದಾರೆ. ನಾನು ಮಾತ್ರ ಮೇಲಕ್ಕೆ ಓಡುತ್ತಿದ್ದೇನೆ!

ಹೇಡಿ ಅಂದುಕೊಳ್ಳಬೇಡಿ. ದುಡ್ಡು ಕೊಡುವವನ ಆಜ್ಞೆ ಹಾಗಿತ್ತು.

"ಗಿಲ್, ಆ ಮುದುಕನ್ನ ಹಿಂದಿನ ಬಾಗಿಲಿಂದ ಎತ್ತಾಕ್ಕೊಂಡ್ ಹೋಗು," ಎಂದಿದ್ದ ಪ್ಯೋ ಫೋನಿನಲ್ಲಿ. "ಫೈರ್‌ನವರ ಕಣ್ಣಿಗೆ ಬೀಳ್ಬಾರ್ದು."

ಪ್ಯೋ ಇಂಚಿಯಾನ್ ಬಂದರಿನ ಈ ಡೇಟಾ ಸೆಂಟರಿನ ಮಾಲೀಕ. ಊರಿನ ಟ್ಯಾಕ್ಸಿ, ಊಟ ತರಿಸುವ ಆ್ಯಪು, ಬ್ಯಾಂಕು... ಅರ್ಧಕ್ಕರ್ಧ ನಡೆಯುವುದು ಇಲ್ಲಿನ ಕಂಪ್ಯೂಟರುಗಳ ಮೇಲೆ. ನಾನು ಮಾಜಿ ಪೊಲೀಸ್. ಈಗ ಇಂಥವರ ರಗಳೆ ತೀರಿಸುವುದೇ ಹೊಟ್ಟೆಪಾಡು.

ಕಳೆದ ವರ್ಷ ಬ್ಯಾಟರಿಗಳು ವಿಪರೀತ ಬಿಸಿಯಾಗುತ್ತಿವೆ ಎಂದು ಇಂಜಿನಿಯರುಗಳು ಗೋಳಾಡಿದಾಗ ಪ್ಯೋ ನನ್ನನ್ನು ಊಟಕ್ಕೆ ಕರೆದಿದ್ದ. ಹಂದಿ ಕರುಳಿನ ಸೂಪು ಹೀರುತ್ತ ಹೇಳಿದ.

"ಅಪಾಯಕ್ಕೆ ನಾಲ್ಕು ದಾರಿ ಅಂತಾರೆ ಈ ಸಲಹೆಗಾರರು. ಬ್ಯಾಟರಿನೇ ಕಿತ್ತಾಕಿ ತಪ್ಪಿಸ್ಕೊಳ್ಳೋದು. ಹೊಸಾದು ಹಾಕಿ, ಬೇರೆ ಊರಲ್ಲಿ ಇನ್ನೊಂದ್ ಸೆಂಟರ್ ಕಟ್ಟಿ ತಗ್ಗಿಸೋದು. ಇನ್ನೊಬ್ಬನ ತಲೆಗೆ ಕಟ್ಟೋದು. ಇಲ್ಲಾ, ಆಗಿದ್ದಾಗ್ಲಿ ಅಂತ ಕೂರೋದು."

"ನಿಮ್ದು ಯಾವ್ದು?"

"ಕಟ್ಟಡನ ಇನ್ಶೂರೆನ್ಸ್‌ನವರ ತಲೆಗೆ ಕಟ್ಟಿದೀನಿ. ಆದ್ರೆ ಕೆಲಸದವನು ಸತ್ರೆ ಕಂಪನಿ ಮುಖ್ಯಸ್ಥನೇ ಜೈಲಿಗೆ ಹೋಗ್ಬೇಕಂತೆ. ಅದಕ್ಕೆ ಇನ್ಶೂರೆನ್ಸ್ ಇಲ್ಲ. ಒಂದ್ ತಲೆ ಹುಡುಕು."

ಹುಡುಕಿದೆ.

ಬಾಂಗ್ ಹಕ್ಸು. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಒಂಟಿ ಮುದುಕ. ಅವನಿಗೊಂದು ಸೂಟು ಹೊಲಿಸಿ ಮುಖ್ಯಸ್ಥನ ಕುರ್ಚಿಯಲ್ಲಿ ಕೂರಿಸಿದೆವು. ನಮ್ಮ ಕಡೆ ಇಂಥವನಿಗೆ ಪ್ಯಾಂಟು ಪ್ರೆಸಿಡೆಂಟ್ ಅನ್ನುತ್ತಾರೆ. ಕೂತಿರುವುದು ಪ್ಯಾಂಟು ಮಾತ್ರ, ಪ್ರೆಸಿಡೆಂಟ್ ಬೇರೆಲ್ಲೋ ಇರುತ್ತಾನೆ.

"ನಾನೇನ್ ಕೆಲ್ಸ ಮಾಡ್ಬೇಕಪ್ಪ?" ಎಂದು ಕೇಳಿದ್ದ ಮೊದಲ ದಿನ.

"ಏನೂ ಮಾಡ್ಬಾರ್ದು. ಅದೇ ಕೆಲ್ಸ."

ಈಗ ಅಂಗಳದಲ್ಲಿ ಫೈರ್‌ನವರು ಪೈಪು ಹಿಡಿದು ನಿಂತಿದ್ದರು. ಕರೆಂಟು ಹರಿಯುತ್ತಿರುವವರೆಗೆ ನೀರು ಬಿಡುವಂತಿಲ್ಲ. ಕರೆಂಟು ತೆಗೆದರೆ ಎಲ್ಲ ಕಂಪ್ಯೂಟರುಗಳೂ ನಿಂತು ಪ್ಯೋನ ವ್ಯಾಪಾರ ಮುಳುಗುತ್ತದೆ, ಯಾಕೆಂದರೆ ಬೇರೆ ಊರಿನ ಆ ಇನ್ನೊಂದು ಸೆಂಟರು ಇರುವುದು ಕಾಗದದ ಮೇಲೆ ಮಾತ್ರ. "ಮುಖ್ಯಸ್ಥರು ಯಾರ್ರೀ? ತೆಗೀರಿ ಅಂತ ಹೇಳೋರ್ ಯಾರು?" ಎಂದು ಫೈರ್ ಅಧಿಕಾರಿ ಕಿರುಚುತ್ತಿದ್ದ. ಇಂಜಿನಿಯರುಗಳೆಲ್ಲ ನೆಲ ನೋಡುತ್ತಿದ್ದರು.

ಬಾಂಗ್ ತನ್ನ ಕೋಣೆಯ ಕಿಟಕಿಯಲ್ಲಿ ನಿಂತಿದ್ದ.

"ಸಾಹೇಬ್ರೇ, ನಡೀರಿ. ಕಾರು ಕಾಯ್ತಿದೆ."

"ಒಳಗೆ ಯಾರಾದ್ರೂ ಇದಾರಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ.

"ಇಬ್ರು."

"ಮತ್ತೆ ನೀರ್ ಯಾಕೆ ಬಿಡ್ತಿಲ್ಲ?"

"ಮೊದ್ಲು ಕರೆಂಟ್ ತೆಗೀಬೇಕು. ಮುಖ್ಯಸ್ಥರು ಹೇಳ್ಬೇಕಂತೆ."

"ಯಾರದು ಮುಖ್ಯಸ್ಥ?"

"ಕಾಗದದ ಮೇಲೆ... ನೀವೇ."

ಮುದುಕ ನನ್ನನ್ನೇ ದಿಟ್ಟಿಸಿದ. ಟೈ ಸಡಿಲಿಸಿದ.

"ಮೊದ್ಲೇ ಹೇಳೋದಲ್ವೇನಪ್ಪ," ಎಂದು ಮೆಟ್ಟಿಲಿಗೆ ನುಗ್ಗಿದ.

ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಅವನ ಹಿಂದೆಯೇ ಓಡಿದೆ. ಎರಡನೇ ಮಹಡಿಯ ತಿರುವಿನಲ್ಲಿ ಟಾಕ್ ನಿಂತಿದ್ದ... ಪ್ಯೋ ಸಾಕಿದ ಗೂಂಡಾ. ಕೈಯಲ್ಲಿ ಕಬ್ಬಿಣದ ಸಲಾಕೆ. ನನ್ನ ಮೇಲೂ ಪ್ಯೋಗೆ ನಂಬಿಕೆ ಇರಲಿಲ್ಲ, ನೋಡಿ.

"ಅಣ್ಣ, ಪಕ್ಕಕ್ಕೆ ಸರಿ. ನಿನ್ ಮೇಲೆ ನಂಗೇನೂ ಕೋಪ ಇಲ್ಲ."

"ನಂಗಿದೆ ಕಣೋ."

ಸಲಾಕೆ ಬೀಸಿ ಬಂತು. ಮೊಣಕೈ ಅಡ್ಡ ಕೊಟ್ಟೆ. ಮೂಳೆ ಲಟಕ್ಕೆಂದಿತು! ಕಣ್ಣು ಕತ್ತಲಿಟ್ಟಿತು. ಆದರೂ ಅವನ ಸೊಂಟ ತಬ್ಬಿಕೊಂಡು ಕೆಳಗುರುಳಿದೆ. ಅವನ ತಲೆ ಕಂಬಿಗೆ ಬಡಿಯಿತು. ಎದ್ದು ನೋಡಿದರೆ ಬಾಂಗ್ ಆಗಲೇ ಅಂಗಳ ಸೇರಿದ್ದ.

"ನಾನೇ ಮುಖ್ಯಸ್ಥ. ಕರೆಂಟ್ ತೆಗೀರಿ."

"ಸರ್, ಎಲ್ಲಾ ನಿಂತೋಗುತ್ತೆ," ಎಂದ ಒಬ್ಬ ಇಂಜಿನಿಯರ್.

"ನಿಂತೋಗ್ಲಿ."

"ಆಮೇಲೆ ನಿಮ್ ತಲೆಗೇ ಬರುತ್ತೆ ಸರ್."

"ಅದಕ್ಕೇ ತಾನೇ ನನ್ನ ಇಟ್ಕೊಂಡಿರೋದು? ತೆಗಿ."

ಕಟ್ಟಡ ಕತ್ತಲಾಯಿತು. ಪೈಪುಗಳು ಭೋರ್ಗರೆದವು.

ಇಬ್ಬರನ್ನೂ ಹೊರಗೆ ತಂದರು. ಒಬ್ಬ ಕೆಮ್ಮುತ್ತಿದ್ದ. ಇನ್ನೊಬ್ಬ ಕೆಮ್ಮುತ್ತಿರಲಿಲ್ಲ. ಬಾಂಗ್ ಕಪ್ಪು ನೀರಿನಲ್ಲೇ ಕುಕ್ಕರಿಸಿ ಕೂತು ಅತ್ತ. ಪಕ್ಕದಲ್ಲಿ ನಿಂತಿದ್ದ ನನಗೆ ಅವನ ಹೆಗಲು ಮುಟ್ಟುವ ಧೈರ್ಯವಾಗಲಿಲ್ಲ.

ಕೆಲಸದವನು ಸತ್ತ. ಮುಖ್ಯಸ್ಥ ಜೈಲಿಗೆ ಹೋದ. ಕಟ್ಟಡದ ಇನ್ಶೂರೆನ್ಸ್ ಪ್ಯೋನ ಕೈ ಸೇರಿತು. ಯೋಜನೆ ಹಾಕಿದ್ದು ಹೀಗೇ.

ಜೈಲಿನ ಗಾಜಿನಾಚೆ ಬಾಂಗ್ ಸೊರಗಿಹೋಗಿದ್ದ.

"ಊಟ ಪರವಾಗಿಲ್ಲಪ್ಪ," ಎಂದ. "ನೀನು ಆವತ್ತು ಬೇಗ ಹೇಳಿದ್ದಿದ್ರೆ ಅವನೂ ಉಳೀತಿದ್ದ, ಅಲ್ವಾ?"

ತಲೆ ತಗ್ಗಿಸಿ ಎದ್ದೆ.

ಹೊರಗೆ ಬರುತ್ತಿದ್ದಂತೆ ಪ್ಯೋನ ಫೋನು.

"ಗಿಲ್, ಆಗಿದ್ದಾಯ್ತು. ನಿನ್ ತಂಟೆಗೆ ಹೋಗ್ಬೇಡ ಅಂತ ಟಾಕ್‌ಗೂ ಹೇಳಿದೀನಿ. ಹೊಸ ಕಂಪನಿ ತೆಗೀತಿದೀನಿ, ಕುರ್ಚಿಗೆ ಇನ್ನೊಂದ್ ಹೆಸರು ಬೇಕು. ಈ ಸಲ ಬಾಯಿ ಮುಚ್ಕೊಂಡ್ ಕೂರೋನು."

"ಹೆಸರು ಆಗ್ಲೇ ಕೊಟ್ಟಿದೀನಿ."

"ಯಾರಿಗೆ?"

"ಸರ್ಕಾರಿ ವಕೀಲರಿಗೆ. ನಿಮ್ದೇ."