ಒದ್ದೆ ಕಲ್ಲಿನ ತೂಕ

"ನೀವೇ ಅರುಂಧತೀನಾ?"

ಇಷ್ಟು ದಿನ ಫೋನಿನಲ್ಲಿ ಮಾತ್ರ ಕೇಳಿದ್ದ ದನಿ! ಅರುಂಧತಿ ತಿರುಗಿ ನೋಡಿದಳು. ಮೊಣಕೈವರೆಗೆ ಕೆಸರು ಮೆತ್ತಿಕೊಂಡು ಸುದರ್ಶನ್ ನಿಂತಿದ್ದ. ಸಿಡ್ನಿಯ ರೌಸ್ ಹಿಲ್‌ನಲ್ಲಿ ರಸ್ತೆಯಡಿ ಪೈಪಿಗಾಗಿ ರಂಧ್ರ ಕೊರೆಸುತ್ತಿದ್ದ ಎಂಜಿನಿಯರ್. ಅವಳು ಮೆಲ್ಬರ್ನ್‌ನ ಲ್ಯಾಬೊಂದರಲ್ಲಿ ಕೆಮಿಸ್ಟ್. ಇಲ್ಲಿನ ಶೇಲ್ ಎಂಬ ಜೇಡಿಕಲ್ಲಿಗೆ ನೀರು ತಾಗಿದರೆ ಸಾಕು, ಉಬ್ಬಿ ಉದುರುತ್ತದೆ. ಹಾಗಾಗದಂತೆ ಕೊರೆಯುವ ನೀರಿಗೆ ಬೆರೆಸುವ ಪೊಟ್ಯಾಶ್ ಉಪ್ಪು, ಪಾಲಿಮರ್‌ಗಳ ಹದವನ್ನು ಲ್ಯಾಬಿನಲ್ಲಿ ಟೆಸ್ಟ್ ಮಾಡಿ ಹೇಳಿದವಳು ಅವಳೇ.

ಈ ಮೊದಲ ಭೇಟಿಯ ಬಗ್ಗೆ ಎಷ್ಟೊಂದು ಕನಸು ಕಂಡಿದ್ದಳು... ಆದರೆ ಇಂದು ರಂಧ್ರ ಕುಸಿದು, ಕೊರೆಯುವ ಸಲಾಕೆ ನೆಲದೊಳಗೇ ಸಿಕ್ಕಿಕೊಂಡಿತ್ತು!

"ನೀವು ಹೇಳಿದಷ್ಟೇ ಹಾಕಿದ್ವಿ. ಆದ್ರೂ ಕಲ್ಲು ಹಿಟ್ಟಾಗ್ಬಿಡ್ತು," ಎಂದ.

ಸುತ್ತ ನಿಂತವರೆಲ್ಲ ಅವಳನ್ನೇ ನೋಡುತ್ತಿದ್ದರು. 'ನನ್ನ ಟೆಸ್ಟ್ ತಪ್ಪಾಗೋಕೆ ಸಾಧ್ಯವೇ ಇಲ್ಲ!'

"ನನ್ನ ಲ್ಯಾಬಲ್ಲಿ ಕಲ್ಲು ಗಟ್ಟಿಯಾಗೇ ಇತ್ತು. ಮಿಕ್ಸ್ ಮಾಡೋದ್ರಲ್ಲಿ ನೀವೇ ಎಡವಟ್ಟು ಮಾಡಿದೀರ!" ಎಂದವಳು, ಅದನ್ನೇ ಇಂಗ್ಲಿಷಿನಲ್ಲೂ ಎಲ್ಲರಿಗೂ ಕೇಳುವಂತೆ ಹೇಳಿದಳು.

ಸಂಜೆಯೊಳಗೆ ಅವನನ್ನು ಆ ಕೆಲಸದಿಂದ ತೆಗೆದು, ಸಾಮಾನಿನ ಲೆಕ್ಕ ಬರೆಯಲು ಸ್ಟೋರಿಗೆ ಹಾಕಿದರು.

ಮೆಲ್ಬರ್ನ್‌ಗೆ ಮರಳಿ ಟೆಸ್ಟ್ ಮತ್ತೆ ಮಾಡಿದಳು. ಕಲ್ಲಿನ ಚೂರುಗಳನ್ನು ಅದೇ ದ್ರವದಲ್ಲಿ ಉರುಳಿಸಿ, ಜರಡಿ ಹಿಡಿದು, ಉಳಿದದ್ದನ್ನು ಓವನ್‌ಗೆ ಇಡುವಾಗ ಸಹೋದ್ಯೋಗಿ ಜಲಜಾ ಕೇಳಿದಳು.

"ಇದು ಒಣಗೋಕೆ ನಾಳೆವರೆಗೂ ಬೇಕಲ್ಲೇ? ಹೋದ್ಸಲ ಅದೇ ದಿನ ರಿಸಲ್ಟ್ ಹೇಗೆ ಕೊಟ್ಟೆ?"

ಅರುಂಧತಿಯ ಕೈ ಅಲ್ಲೇ ನಿಂತಿತು. ಅಯ್ಯೋ... ಅಂದು ಸುದರ್ಶನ್ ಫೋನಿನಲ್ಲಿ ಕಾಯುತ್ತಿದ್ದ. ಅವನಿಗೆ ಸಿಹಿ ಸುದ್ದಿ ಕೊಡುವ ಆತುರದಲ್ಲಿ ಒದ್ದೆ ಕಲ್ಲನ್ನೇ ತೂಗಿಬಿಟ್ಟಿದ್ದಳು! ಅದು ಕುಡಿದ ನೀರೂ ಕಲ್ಲಿನ ಲೆಕ್ಕಕ್ಕೆ ಸೇರಿತ್ತು. ಮರುದಿನ ಒಣಗಿದ್ದನ್ನು ತೂಗಿದರೆ ಮೊದಲಿನ ತೂಕದ ಅರ್ಧವೂ ಉಳಿದಿರಲಿಲ್ಲ.

ನಾಚಿಕೆಯಿಂದ ಅವಳು ಹಿಡಿಯಷ್ಟಾದಳು. 'ತಪ್ಪು ನಂದು, ಶಿಕ್ಷೆ ಅವರಿಗೆ... ಇನ್ನು ಅವರ ಎದುರು ಹೇಗೆ ನಿಂತ್ಕೊಳ್ಲಿ?' ಆದರೂ ಸಿಡ್ನಿಯ ವಿಮಾನ ಹತ್ತಿದಳು, ಪುಣ್ಯಾತ್ಗಿತ್ತಿ.

ಕೆಲಸ ಶುರುವಾಗುವ ಮುಂಚಿನ ಮೀಟಿಂಗ್. ಅದೇ ಜನ. ಹಿಂದಿನ ಸಾಲಿನಲ್ಲಿ ಸುದರ್ಶನ್. ಒದ್ದೆ ಕಲ್ಲು ತೂಗಿದವಳು ತಾನು, ಅವನದು ಎಳ್ಳಷ್ಟೂ ತಪ್ಪಿಲ್ಲ ಎಂದು ಎಲ್ಲರೆದುರು ಹೇಳಿದಳು. ಕಣ್ಣು ನೆಲ ಬಿಟ್ಟು ಮೇಲೇಳಲೇ ಇಲ್ಲ.

ಎಲ್ಲರೂ ಚದುರಿದ ಮೇಲೆ ಅವನು ಹತ್ತಿರ ಬಂದ.

"ಒಂದು ಇಮೇಲ್ ಹಾಕಿದ್ರೆ ಸಾಕಿತ್ತಲ್ಲ?"

"ಎಲ್ರ ಮುಂದೆ ನಿಮ್ಮ ಮರ್ಯಾದೆ ತೆಗ್ದೆ. ಅದನ್ನ ಇಮೇಲಲ್ಲಿ ಹೇಗೆ ವಾಪಸ್ ಕೊಡ್ಲಿ?"

"ಸ್ಟೋರಿಗೆ ಹಾಕಿದ್ದಕ್ಕೆ ಬೇಜಾರಿಲ್ಲ. ನೀವು ನನ್ನ ಒಂದು ಮಾತೂ ಕೇಳ್ಲಿಲ್ಲ... ಅದು ಚುಚ್ಚಿತು. ನಿಮ್ಮನ್ನ ಎಷ್ಟು ಇಷ್ಟಪಟ್ಟಿದ್ದೆ, ಗೊತ್ತಾ?"

"ಗೊತ್ತಿತ್ತು... ಗೊತ್ತಿದ್ದೂ ಹಾಗೆ ಮಾಡ್ದೆ. ಅದಕ್ಕೇ ಇಷ್ಟು ನಾಚಿಕೆ." ಅವಳ ಕಣ್ಣೀರು ಬೂಟಿನ ಮೇಲೆ ಬಿತ್ತು. "ನಾನೂ ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳೋ ಯೋಗ್ಯತೆ ಈಗ ನಂಗಿಲ್ಲ."

"ಹೇಳೇಬಿಟ್ಟೆಯಲ್ಲ!" ಸುದರ್ಶನ್ ನಕ್ಕುಬಿಟ್ಟ. "ಇನ್ನಾದ್ರೂ ತಲೆ ಎತ್ತು, ಅರುಂಧತಿ. ನಿನ್ನ ಮುಖ ನಾನಿನ್ನೂ ಸರಿಯಾಗಿ ನೋಡೇ ಇಲ್ಲ."